ಇಸ್ತ್ರಿ ನಿಂತ ಜಾಗ

ಬೆಳಗಿನ ಐದು ಗಂಟೆ. ನಗರಸಭೆಯ ಆಸ್ಪತ್ರೆಯ ಹಿಂಬದಿಯಲ್ಲಿ, ಅಡುಗೆಮನೆಗೂ ಶವಾಗಾರಕ್ಕೂ ನಡುವಿನ ತಗ್ಗು ಕಟ್ಟಡದಲ್ಲಿ ದೀಪ ಉರಿಯುತ್ತಿದೆ. ಕಿಟಕಿಯ ಗಾಜಿಗೆ ಹಬೆ ಕಟ್ಟಿದೆ. ಒಗೆಯುವ ಯಂತ್ರಗಳ ಸದ್ದಿಗೆ ನೆಲ ಸಣ್ಣಗೆ ಅದುರುತ್ತಿದೆ. ಮೂಲೆಯ ಉದ್ದ ಮೇಜಿನ ಮುಂದೆ ನಿಂತ ಹೆಂಗಸೊಬ್ಬರು ಹಳೆಯ ಕಾಗದದ ಚೂರೊಂದನ್ನು ಹಾಸಿ, ಅದರ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಒಮ್ಮೆ ಒತ್ತುತ್ತಾರೆ. ಕಾಗದ ಕಂದಿದರೆ ಕಾವು ಹೆಚ್ಚು. ಬರೀ ಬೆಚ್ಚಗಾದರೆ ಸರಿ. ಇವತ್ತು ಸರಿಯಿದೆ. ಮೊದಲನೆಯ ಬಿಳಿ ಕೋಟು ಮೇಜಿಗೆ ಬರುತ್ತದೆ. ಕೊರಳಪಟ್ಟಿ, ತೋಳು, ಕೊನೆಗೆ ಬೆನ್ನು.

ಇಡೀ ಆಸ್ಪತ್ರೆ ಅವರನ್ನು ಇಸ್ತ್ರಿ ಅಕ್ಕ ಎನ್ನುತ್ತದೆ. ವಯಸ್ಸು ಐವತ್ತೆಂಟು. ನನಗಿಂತ ಹದಿನೆಂಟು ವರ್ಷ ಚಿಕ್ಕವರು, ಆದರೂ ಎರಡನೆಯ ದಿನಕ್ಕೆ ನನ್ನ ಬಾಯಲ್ಲೂ ಅಕ್ಕ ಎಂದೇ ಬಂತು. ಚಾದರಗಳನ್ನು ದೊಡ್ಡ ಉರುಳೆ ಯಂತ್ರ ನೋಡಿಕೊಳ್ಳುತ್ತದೆ. ಕೈಯಿಂದಲೇ ಆಗಬೇಕಾದದ್ದು ಇವರ ಪಾಲಿಗೆ: ದಿನಕ್ಕೆ ಎಂಬತ್ತು ಕೋಟು, ನೂರಿಪ್ಪತ್ತು ದಿಂಬಿನ ಗವಸು. ಮಧ್ಯಾಹ್ನ ಒಂದಕ್ಕೆ ಪಾಳಿ ಮುಗಿಯುವಾಗ ಕಾಲು ಊದಿ ತಮ್ಮ ಚಪ್ಪಲಿ ಹಿಡಿಸುವುದಿಲ್ಲ. ಅದಕ್ಕೇ ಗಂಡನ ಹಳೆಯ ಜೋಡಿಯೊಂದನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದಾರೆ. "ಬರುವಾಗ ನಂದು, ಹೋಗುವಾಗ ಅವರದು" ಎನ್ನುತ್ತಾರೆ.

"ಮೂವತ್ತೈದು ವರ್ಷದಿಂದ ಡಾಕ್ಟ್ರುಗಳ ಬೆನ್ನು ನೋಡ್ತಿದ್ದೀನಿ ಅಮ್ಮಾ. ಮುಖ ಅಷ್ಟಾಗಿ ಗೊತ್ತಿಲ್ಲ. ಯಾರಿಗೆ ಹೊಟ್ಟೆ ಬಂತು, ಯಾರು ಸೊರಗಿ ಹೋದ್ರು, ಎಲ್ಲ ಕೋಟೇ ಹೇಳುತ್ತೆ."

ಇದೇ ಮೇಜಿನ ಮುಂದೆ ನಿಂತು ಅವರು ಇಪ್ಪತ್ತಾರು ವರ್ಷ ಇನ್ನೊಂದು ಕೆಲಸವನ್ನೂ ಮಾಡಿದರು. ಅದಕ್ಕೆ ಹೆಸರಿಲ್ಲ. ಯಾವ ಹಾಜರಿ ಪುಸ್ತಕದಲ್ಲೂ ಅದು ಇಲ್ಲ. ದುಡಿಯುವವರ ಪಕ್ಷ ಎಂದು ನಾವೆಲ್ಲ ಕರೆಯುತ್ತಿದ್ದ ಪಕ್ಷದ ಒಂದೊಂದು ಕರಪತ್ರವೂ ಅಚ್ಚಿಗೆ ಹೋಗುವ ಮೊದಲು ಅವರ ಕಿವಿಗೆ ಬೀಳುತ್ತಿತ್ತು. ಅದನ್ನು ಬರೆದು, ಇಲ್ಲಿ ತಂದು ಓದುತ್ತಿದ್ದವನು ನನ್ನ ತಮ್ಮ.

ಹೋದ ವರ್ಷ ದೇವರು ಅವನನ್ನು ಕರೆದುಕೊಂಡ. ಅವನ ಕೋಣೆಯನ್ನು ಖಾಲಿ ಮಾಡಲು ಎಂಟು ತಿಂಗಳು ನನಗೆ ಕೈ ಬರಲಿಲ್ಲ. ಮಾಡಿದ ದಿನ ಕಪಾಟಿನ ತಳದಲ್ಲಿ ಕರಡುಗಳ ಕಟ್ಟೊಂದು ಸಿಕ್ಕಿತು. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಪುಟ್ಟ ತ್ರಿಕೋನಗಳು. ಸಾವಿರ ಇದ್ದಾವು. ಎಲ್ಲವೂ ಖಾಲಿ ತ್ರಿಕೋನ. ಒಂದೇ ಒಂದಕ್ಕೆ ಮಾತ್ರ ಪೂರ್ತಿ ಕಪ್ಪು ತುಂಬಿತ್ತು. ಕಟ್ಟಿನ ಮೇಲೆ ಅವನ ಗುಂಡನೆಯ ಅಕ್ಷರ: ಆಸ್ಪತ್ರೆ ಲಾಂಡ್ರಿ, ಗುರುವಾರ, ಐದು ಗಂಟೆ. ಗುರುವಾರ ಕತ್ತಲಲ್ಲೇ ಎದ್ದು ಎಲ್ಲಿಗೆ ಹೊರಟೆ ಎಂದು ಕೇಳಿದರೆ ಅವನು "ಪರೀಕ್ಷೆಗೆ" ಎನ್ನುತ್ತಿದ್ದ. ಇದೆಂಥ ಮುಗಿಯದ ರಕ್ತಪರೀಕ್ಷೆಯೋ ಎಂದು ನಾನು ಅವನಿಗಾಗಿ ಪ್ರಾರ್ಥಿಸಿಕೊಳ್ಳುತ್ತಿದ್ದೆ. ಕಟ್ಟು ಸಿಕ್ಕಿದ ವಾರದ ಗುರುವಾರ, ಬೆಳಗಿನ ಪ್ರಾರ್ಥನೆಯನ್ನು ಬೇಗ ಮುಗಿಸಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಾನೂ ಹೊರಟೆ.

"ಬರೆಯೋ ಅಣ್ಣನ ಅಕ್ಕನಾ ನೀವು?" ಎಂದು ಅವರು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ಮೂಗು ನೋಡಿದ್ರೆ ಗೊತ್ತಾಗುತ್ತೆ ಬಿಡಿ."

ಪರಿಚಯ ಶುರುವಾದದ್ದು ಜಗಳದಿಂದ. ಇಸ್ತ್ರಿ ಅಕ್ಕನಿಗೆ ಆಗ ಇಪ್ಪತ್ತಾರು ವಯಸ್ಸು. ನನ್ನ ತಮ್ಮ ಆಸ್ಪತ್ರೆಯ ಗೇಟಿನಲ್ಲಿ ಕರಪತ್ರ ಹಂಚಿ, ಲಾಂಡ್ರಿಯ ಬಾಗಿಲಿಗೂ ಬಂದನಂತೆ. ನೋಡಿದರೆ, ಒಂದು ಗಂಟೆಯ ಹಿಂದೆ ಕೊಟ್ಟ ಕಾಗದ ಕಾವು ನೋಡುವ ಚೂರಾಗಿ ಮೇಜಿನ ಮೇಲೆ ಕಂದಿ ಬಿದ್ದಿದೆ.

"ಓದದೇನೇ ಸುಟ್ರಲ್ಲ ಅಂದ್ರು, ಮುಖ ಸಣ್ಣ ಮಾಡ್ಕೊಂಡು. ಓದಿದೆ ಅಣ್ಣ, ಎರಡು ಸಲ ಓದಿದೆ, ಮೊದಲ್ನೇ ಸಲ ತಲೆಗೆ ಹೋಗಲಿಲ್ಲ, ಎರಡನೇ ಸಲ ನಿದ್ದೆ ಬಂತು ಅಂದೆ. ಬೈತಾರೆ ಅಂದ್ಕೊಂಡೆ. ಅವರು ಜೇಬಿಂದ ಪೆನ್ಸಿಲ್ ತೆಗೆದ್ರು. ಎಲ್ಲಿ ನಿದ್ದೆ ಬಂತು ತೋರಿಸಿ ಅಂದ್ರು."

ಅಲ್ಲಿಂದ ಗುರುವಾರದ ಕ್ರಮ ಬೆಳೆಯಿತು. ಅವನು ನಿಂತು ಓದುತ್ತಾನೆ, ಇವರು ಇಸ್ತ್ರಿ ಮಾಡುತ್ತಾ ಕೇಳುತ್ತಾರೆ. ತಿಳಿಯಿತೇ ಎಂದು ಅವನು ಕೇಳುವುದಿಲ್ಲ, ಏಕೆಂದರೆ ಹಾಗೆ ಕೇಳಿದರೆ ಯಾರಾದರೂ ಹೌದೆಂದೇ ಹೇಳುತ್ತಾರೆ. ಅವನ ಕಣ್ಣು ಅವರ ಕೈಯ ಮೇಲೆ. ಮಾತು ತಿಳಿಯುವಷ್ಟು ಹೊತ್ತು ಕೈ ತಾನಾಗಿ ಓಡುತ್ತದೆ. ತಿಳಿಯದ ಕಡೆ ಕೈ ತಡೆಯುತ್ತದೆ, ಬಟ್ಟೆ ಕಂದೀತೆಂದು ಪೆಟ್ಟಿಗೆ ಎದ್ದು ನಿಲ್ಲುತ್ತದೆ. ಅಲ್ಲೊಂದು ತ್ರಿಕೋನ.

ಕಟ್ಟನ್ನು ಬಿಚ್ಚಿ ನಾನೊಂದು ಸಾಲು ತೋರಿಸಿದೆ: ಶ್ರಮಿಕರ ಕಲ್ಯಾಣಕ್ಕೆ ಸಮಗ್ರ ಚೌಕಟ್ಟು. ಪಕ್ಕದಲ್ಲಿ ತ್ರಿಕೋನ. ಅವರಿಗೆ ನೆನಪಿದೆ.

"ಚೌಕಟ್ಟು ಇದೆ ಸರಿ, ಬಾಗಿಲೆಲ್ಲಿ ಅಂತ ಕೇಳಿದ್ದೆ. ಪಾಪ, ಮಾರನೇ ವಾರ ಬಾಗಿಲು ಹಾಕ್ಕೊಂಡು ಬಂದ್ರು. ಕೈ ಕತ್ತರಿಸಿದ್ರೆ ಯಾವ ಕಿಟಕೀಲಿ ಯಾರನ್ನ ಕೇಳಬೇಕು, ಎಷ್ಟು ದಿನ ರಜೆ ಕೊಡ್ತಾರೆ, ಎಲ್ಲಾ ಇತ್ತು."

ಹೊಸದಾಗಿ ಬರೆದ ಸಾಲಿಗೆ ಮತ್ತೊಂದು ಗುರುವಾರ. ಕೆಲವು ಕರಪತ್ರ ನಾಲ್ಕು ಸಲ ಬಂದು ಹೋದದ್ದುಂಟು. ಅದು ಅಚ್ಚಾಗಿ ಕಾರ್ಮಿಕರ ಬೀದಿಗಳಿಗೆ ಹೋದರೆ, ಅಜ್ಜಿಯರು ಕೂಡ ಮೊಮ್ಮಕ್ಕಳಿಂದ ಓದಿಸಿ ತಲೆದೂಗುತ್ತಿದ್ದರು. ಗೆಲುವಿನ ಮೆರವಣಿಗೆಯಲ್ಲಿ ಭಾಷಣ ಮಾಡಿದವರಿಗೆ ಈ ಮೇಜು ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ. ಇವರೂ ಹೇಳಲಿಲ್ಲ.

ಕಪ್ಪು ತುಂಬಿದ ಆ ಒಂದೇ ತ್ರಿಕೋನವನ್ನು ಕೊನೆಗೆ ತೋರಿಸಿದೆ. ಇಸ್ತ್ರಿ ಅಕ್ಕ ಬಹಳ ಹೊತ್ತು ಅದರ ಮೇಲೆ ಬೆರಳಿಟ್ಟರು.

"ಆವತ್ತು ಪೆಟ್ಟಿಗೆ ಎತ್ತಲೇ ಇಲ್ಲ ಅಮ್ಮಾ. ಮರೆತೇಬಿಟ್ಟೆ. ಡಾಕ್ಟ್ರ ಕೋಟು ಜೇಬಿನ ಹತ್ರ ಸುಟ್ಟೇಹೋಯ್ತು."

ಸಾಲು ಇದು: ದಿನವಿಡೀ ನಿಂತು ದುಡಿಯುವ ಹೆಂಗಸರಿಗೆ ಕೂರಲು ಒಂದು ಸ್ಟೂಲು ಕೊಡಿಸುತ್ತೇವೆ, ಕೂತರೆ ಯಾರೂ ಬೈಯುವಂತಿಲ್ಲ. ಅವರ ಕಾಲಿನ ಊತ ನೋಡಿ ಅವನು ಬರೆದದ್ದು. ಆ ಚುನಾವಣೆಯಲ್ಲಿ ಬೀದಿಗೆ ಬೀದಿಯೇ ಹೋಗಿ ಮತ ಹಾಕಿತು. ಬಾಣಂತಿಯರು ಕೂಸನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತರು. ಮರುವರ್ಷ ಹನ್ನೊಂದು ಸ್ಟೂಲು ಬಂದವು. ಅವರದು ಈಗಲೂ ಮೇಜಿನ ಪಕ್ಕ ಇದೆ. ಕೂತು ಕೂತು ಮರದ ನಡುಭಾಗ ತಗ್ಗಾಗಿದೆ.

ಕೇಳುವ ಕಿವಿ ಎಂಥ ವರವೆಂದು ಪ್ರಾರ್ಥನೆ ಮಾಡುವವರಿಗೆ ಗೊತ್ತು. ಪಕ್ಷಕ್ಕೆ ಅಂಥದೊಂದು ಕಿವಿ ಇತ್ತು. ಆರು ವರ್ಷದ ಕೆಳಗೆ ಅದು ಬೇಡವಾಯಿತು. ಸೈಕಲ್ ಅಂಗಡಿಯ ಮಹಡಿಯ ಮೇಲಿದ್ದ ಪಕ್ಷದ ಕಚೇರಿ ನದಿಯಾಚೆಯ ಗಾಜಿನ ಕಟ್ಟಡಕ್ಕೆ ಹೋಯಿತು. ಅಲ್ಲಿ ಬಾಗಿಲಲ್ಲೇ ಹೆಸರು, ಬಂದ ಕಾರಣ ಬರೆಯಬೇಕು. ಕರಪತ್ರ ಬರೆಯುವ ಕೆಲಸಕ್ಕೆ ಒಂದು ಕಂಪನಿ ಬಂತು. ತಮ್ಮನಿಗೆ ಒಂದು ಹೂಗುಚ್ಛ ಕೊಟ್ಟು ಕಳಿಸಿದರು. ಜನರ ಮನಸ್ಸಿನಲ್ಲಿ ಏನಿದೆ ಎಂದು ಕಂಪನಿ ಫೋನಿನಲ್ಲೇ ತಿಳಿದುಕೊಳ್ಳುತ್ತದಂತೆ.

"ನಂಗೂ ಒಂದ್ಸಲ ಬಂದಿತ್ತು ಫೋನು. ಹೌದಾದ್ರೆ ಒಂದು ಒತ್ತಿ, ಇಲ್ಲದಿದ್ರೆ ಎರಡು ಒತ್ತಿ ಅಂತು. ನನ್ನ ಎರಡು ಕೈಲೂ ಕೋಟಿತ್ತು."

ಕಚೇರಿ ಬಿಟ್ಟ ಮೇಲೂ ನನ್ನ ತಮ್ಮ ಗುರುವಾರ ಬರುವುದನ್ನು ಬಿಡಲಿಲ್ಲ. "ಕೈಲಿ ಕಾಗದ ಇಲ್ದೆ ಬಂದು ನಿಂತ್ರು. ಏನೂ ತೋಚದೆ ಗೋಡೆ ಮೇಲಿದ್ದ ಆಸ್ಪತ್ರೆ ನೋಟಿಸನ್ನೇ ಓದಿದ್ರು. ನಾನೂ ಅಲ್ಲಲ್ಲಿ ಪೆಟ್ಟಿಗೆ ನಿಲ್ಸಿ ನಿಲ್ಸಿ ಕೊಟ್ಟೆ. ಖುಷಿಪಟ್ರು." ಕಾಲು ನಡೆಯುವವರೆಗೂ ಹಾಗೆಯೇ ಬರುತ್ತಿದ್ದನಂತೆ. ನನಗೆ ಆಗಲೂ ಪರೀಕ್ಷೆ ಎಂದೇ ಹೇಳುತ್ತಿದ್ದ.

ಇನ್ನು ಹತ್ತು ದಿನಕ್ಕೆ, ಭಾನುವಾರ, ಚುನಾವಣೆ. ನಗರಸಭೆ ಈಗಲೂ ಅದೇ ಪಕ್ಷದ ಕೈಯಲ್ಲಿದೆ. ಈ ಸಲದ ಕರಪತ್ರ ನುಣುಪು ಕಾಗದದಲ್ಲಿ ಬಂದಿದೆ. ಅದರಲ್ಲಿ ಆಸ್ಪತ್ರೆಯ ಬಗ್ಗೆ ಇರುವುದು ಒಂದೇ ವಾಕ್ಯ: ಪೂರಕ ಸೇವೆಗಳ ಮರುವಿನ್ಯಾಸದ ಮೂಲಕ ಸಂಪನ್ಮೂಲಗಳ ಸಮರ್ಥ ಬಳಕೆಯನ್ನು ಖಾತರಿಪಡಿಸಲಾಗುವುದು. ಲಾಂಡ್ರಿಯನ್ನು ಮುಚ್ಚಿ ಬಟ್ಟೆಯನ್ನು ಹೊರಗಿನ ಕಂಪನಿಗೆ ಕೊಡುತ್ತಾರೆಂದು ಮೇಸ್ತ್ರಿ ಹೇಳುತ್ತಾನೆ. ಇಲ್ಲ, ಅಡುಗೆಮನೆ ಮಾತ್ರ ಎಂದು ಗುಮಾಸ್ತ ಹೇಳುತ್ತಾನೆ. ಇಲ್ಲಿ ಹನ್ನೊಂದು ಹೆಂಗಸರಿದ್ದಾರೆ. ಇಸ್ತ್ರಿ ಅಕ್ಕನಿಗೆ ಇನ್ನೆರಡು ವರ್ಷ ಸೇವೆ ಉಳಿದಿದೆ. ಉರುಳೆ ಯಂತ್ರದ ಬಳಿ ಇರುವವಳಿಗೆ ಮೊಲೆ ಕುಡಿಯುವ ಕೂಸಿದೆ. ಕೆಲಸ ಇದೆಯೋ ಇಲ್ಲವೋ, ಅವರ ಪಕ್ಷದ ಕಾಗದವೇ ಅವರಿಗೆ ಹೇಳುತ್ತಿಲ್ಲ.

ಮೊನ್ನೆ ನಾನಿದ್ದಾಗಲೇ ಪಕ್ಷದ ಹೆಂಗಸೊಬ್ಬರು ಬಂದರು. ನಲವತ್ತೈದರ ಸುಮಾರು, ನಡೆದು ನಡೆದು ಬಾಡಿದ ಮುಖ.

"ಅಕ್ಕ, ನಮ್ಮ ಕರಪತ್ರ ಸಿಕ್ತಾ?"

"ಸಿಕ್ತು. ಒಂದ್ಸಲ ಓದಮ್ಮ, ಕೇಳ್ತೀನಿ."

ಆಕೆ ನಕ್ಕು, ಓದಿದರು. ಎರಡನೆಯ ಸಾಲಿಗೇ ಪೆಟ್ಟಿಗೆ ಎದ್ದು ನಿಂತಿತು.

"ಪೂರಕ ಸೇವೆ ಅಂದ್ರೆ ಯಾವ್ದು?"

"ಅದೇ ಅಕ್ಕ, ಅಡುಗೆಮನೆ, ಕಾವಲು, ಇಂಥವು."

"ಲಾಂಡ್ರಿ?"

ಆಕೆ ಕಾಗದವನ್ನು ತಿರುಗಿಸಿ ನೋಡಿದರು. "ಕೆಳಗೆ ಒಂದು ನಂಬರ್ ಇದೆ ಅಕ್ಕ, ಅದಕ್ಕೆ ಫೋನ್ ಮಾಡಿದ್ರೆ..."

"ನಂಬರ್ ಯಾಕಮ್ಮ? ನೀನೇ ಎದುರಿಗೆ ನಿಂತಿದ್ದೀಯಲ್ಲ."

"ನಂಗೂ ಅವರು ಹೇಳಿಲ್ಲ ಅಕ್ಕ" ಎಂದು ಆಕೆ ಮೆಲ್ಲಗೆ ಹೇಳಿದರು.

"ಅಷ್ಟು ನಿಜ ಹೇಳಿದ್ಯಲ್ಲ. ಬಾ, ಕೂತ್ಕೊ" ಎಂದು ಇಸ್ತ್ರಿ ಅಕ್ಕ ತಮ್ಮ ಸ್ಟೂಲು ಎಳೆದುಕೊಟ್ಟರು. ಫ್ಲಾಸ್ಕಿನ ಚಹಾ ಇಬ್ಬರಿಗೂ ಅರ್ಧರ್ಧ ಆಯಿತು.

ಎದುರು ಪಕ್ಷದ ಕಾಗದವೂ ಇಸ್ತ್ರಿ ಅಕ್ಕನ ಮನೆಗೆ ಬಂದಿದೆ. ಅದರಲ್ಲಿ ದೊಡ್ಡ ಅಕ್ಷರದಲ್ಲಿ ಎಂಟೇ ಪದ. ಹೊರಗಿನಿಂದ ಬಂದವರ ಮೇಲೆ ಬೈಗುಳ. ಲಾರಿ ಓಡಿಸುವ ಅಳಿಯ ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದಾನೆ.

"ಅದು ಸುಳ್ಳು. ಬೆಡ್‌ಶೀಟ್ ಒಗೆಯೋಳು ಹೊರಗಿಂದ ಬಂದೋಳೇ, ಅವಳಷ್ಟು ಕೆಲಸ ಯಾರು ಮಾಡ್ತಾರೆ? ಅಳಿಯಂಗೂ ಅದು ಗೊತ್ತು. ಆದ್ರೂ ಅವನೇನಂತಾನೆ ಗೊತ್ತಾ? ಅತ್ತೆ, ಇವರು ಸುಳ್ಳು ಹೇಳಿದ್ರೂ ನನ್ನ ಮುಖ ನೋಡ್ಕೊಂಡು ಹೇಳ್ತಾರೆ ಅಂತಾನೆ. ಏನು ಉತ್ತರ ಕೊಡ್ಲಿ ನಾನು?"

ಮನೆಯಲ್ಲಿ ಗಂಡನದು ಬೇರೆ ಕಾಟ. ಬಾಯ್ಲರಿನ ಹೊಗೆ ಕುಡಿದು ಶ್ವಾಸಕೋಶ ಕೆಟ್ಟಿದ್ದರೂ ಬಾಯಿ ಕೆಟ್ಟಿಲ್ಲ. "ಪಕ್ಷಕ್ಕೇ ಇಸ್ತ್ರಿ ಹಾಕಿದೋಳಲ್ವಾ ನೀನು, ಈಗ ನೋಡು ಹೆಂಗೆ ಮುದುರಿದೆ" ಎಂದು ದಿನಕ್ಕೊಮ್ಮೆ ಚುಚ್ಚುತ್ತಾರಂತೆ.

ಅವತ್ತು ಹೊರಡುವಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. ಕಾವಿಗೆ ಗಟ್ಟಿಯಾದ ಅಂಗೈ.

"ಒಂದು ಹೇಳ್ಬೇಕು ಅಮ್ಮಾ. ಹೋದ್ಸಲ ನಾನು ವೋಟು ಹಾಕಲಿಲ್ಲ. ಯಾರಿಗೂ ಹಾಕಲಿಲ್ಲ. ಮನೇಲಿದ್ದ ಬಟ್ಟೆಯೆಲ್ಲ ತೆಗೆದು ದಿನ ಪೂರ್ತಿ ಇಸ್ತ್ರಿ ಮಾಡಿದೆ. ಹಾಕಿ ಬಂದೆ ಅಂತ ಅಳಿಯಂಗೂ ಯಜಮಾನ್ರಿಗೂ ಹೇಳ್ದೆ. ಆಮೇಲೆ ಬರೆಯೋ ಅಣ್ಣ ಬಂದಾಗ ಅವರಿಗೂ ಸುಳ್ಳೇ ಹೇಳ್ದೆ. ಅವರು ಒಳ್ಳೇದಾಯ್ತು ಅಂದ್ರು. ಅದೊಂದು ಇನ್ನೂ ಚುಚ್ಚುತ್ತೆ. ಅವರಿದ್ದಿದ್ರೆ ಏನಂತಿದ್ರು?"

ಎಲ್ಲಿ ಕೈ ನಿಂತಿತು ಎಂದು ಕೇಳಿ ಪೆನ್ಸಿಲ್ ತೆಗೆಯುತ್ತಿದ್ದ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಹಬೆ ಎಂದರು. ನನ್ನ ಕನ್ನಡಕಕ್ಕೂ ಹಬೆ ಕಟ್ಟಿತ್ತು.

ಈ ಬರಹವನ್ನು ಪತ್ರಿಕೆಗೆ ಕೊಡುವ ಮುನ್ನ, ಈ ಗುರುವಾರ ಐದು ಗಂಟೆಗೆ ಅದೇ ಮೇಜಿನ ಬಳಿ ನಿಂತು ಓದಿದೆ. ಪೆಟ್ಟಿಗೆ ಎರಡು ಕಡೆ ನಿಂತಿತು. ಅವರನ್ನು ನಾನು ನಿಸ್ವಾರ್ಥ ಸೇವೆಯ ಸಾಕಾರಮೂರ್ತಿ ಎಂದಿದ್ದೆ.

"ಇದ್ಯಾರಮ್ಮಾ?" ಎಂದರು. ಹೊಡೆದುಹಾಕಿದೆ.

ಇನ್ನೊಂದು ಕಡೆ, ದುಡಿಯುವ ಜನ ತಮ್ಮ ಪಕ್ಷವನ್ನು ಬಿಟ್ಟುಹೋಗುತ್ತಿದ್ದಾರೆ ಎಂದು ಬರೆದಿದ್ದೆ. ಆಗ ಪೆಟ್ಟಿಗೆ ಬಹಳ ಹೊತ್ತು ನಿಂತೇ ಇತ್ತು.

"ನಾವೆಲ್ಲಿಗೆ ಹೋದ್ವಿ ಅಮ್ಮಾ? ಮೂವತ್ತೈದು ವರ್ಷದಿಂದ ನಾನು ಇದೇ ಜಾಗದಲ್ಲಿ ನಿಂತಿದ್ದೀನಿ. ಬರೋದು ಬಿಟ್ಟೋರು ಅವರು."

ಅದನ್ನೂ ಹೊಡೆದುಹಾಕಿದೆ. ಹಾಗಾದರೆ ಏನು ಬರೆಯಲಿ, ನಿಮಗೇನು ಬೇಕು ಎಂದು ಕೇಳಿದೆ. ಅವರು ಹೊಸ ಕೋಟೊಂದನ್ನು ಹಾಸಿ, ಕೊರಳಪಟ್ಟಿಯನ್ನು ಬೆರಳಿಂದ ನೇವರಿಸಿ ಸರಿಮಾಡಿದರು.

"ಲಾಂಡ್ರಿ ಮುಚ್ತೀವಿ ಅಂತಾನೇ ಹೇಳ್ಲಿ, ಪರವಾಗಿಲ್ಲ. ಬಂದು ಎದುರಿಗೆ ನಿಂತು ಹೇಳ್ಲಿ. ನಂಗೆ ಅಳು ಬರುತ್ತೆ, ಜಗಳ ಆಡ್ತೀನಿ. ಆಡಿಬಿಟ್ಟು ಹೋಗಿ ವೋಟು ಹಾಕ್ತೀನಿ. ಚುನಾವಣೆಗೆ ಮುಂಚೆ ಇನ್ನೊಂದು ಗುರುವಾರ ಇದೆ ಅಂತ ಬರೀರಿ. ಐದಕ್ಕೆಲ್ಲ ಬಾಗಿಲು ತೆಗೆದಿರುತ್ತೆ. ಓದೋರಿಗೆ ಕಾಲು ನೋಯುತ್ತೆ ಅಂದ್ರೆ, ಸ್ಟೂಲೂ ಇದೆ."