ಪಥ್ಯವಿಲ್ಲದ ಮದ್ದು

ನಿನ್ನೆ ಸಂಜೆ ಅಂಗೈಯಲ್ಲಿ ಕ್ವಿನೈನ್ ಗುಳಿಗೆ ಹಿಡಿದು ಕೂತಿದ್ದೆ. ಮದ್ದೂರಿಗೆ ಉಪಾಧ್ಯಾಯಿನಿಯಾಗಿ ಬಂದ ಮೊದಲ ಮಳೆಗಾಲದಲ್ಲೇ ಚಳಿಜ್ವರ ನನ್ನ ವಿಳಾಸ ಪತ್ತೆಮಾಡಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಒಲೆಯಿಂದ, ಕುದಿಯುವ ಎಸರಿಗೆ ರಾಗಿ ಹಿಟ್ಟು ಬಿದ್ದಾಗ ಏಳುವ ವಾಸನೆ ಗೋಡೆ ದಾಟಿ ಬಂತು. ಗುಳಿಗೆಯ ಕಹಿಯೂ ರಾಗಿಯ ವಾಸನೆಯೂ ಹೀಗೆ ಒಟ್ಟಿಗೆ ಸೇರಿದ್ದು ನನ್ನ ಬದುಕಿನಲ್ಲಿ ಇನ್ನೊಂದೇ ಕಡೆ... ಕೊತ್ತತ್ತಿಯಲ್ಲಿ, ಗೌಡ್ತಮ್ಮನವರ ಜಗಲಿಯ ಮೇಲೆ.

ಆಗ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ದಸರಾ ರಜೆಗೆ ಗುತ್ತಲಿನ ನಮ್ಮ ಮನೆಗೆ ಹೋದರೆ ಹೆಣ್ಣು ನೋಡಲು ಬರುವವರ ಮುಂದೆ ಕೂರಬೇಕಾಗಿತ್ತು. ಅದೇ ಹೊತ್ತಿಗೆ ಒಂದು ಮಿಷನ್ ಆಸ್ಪತ್ರೆಯವರು ನಾಲೆ ಬಯಲಿನ ಹಳ್ಳಿಗಳಲ್ಲಿ ಚಳಿಜ್ವರಕ್ಕೆ ಮದ್ದು ಹಂಚಲು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟಿದ್ದರು. ನಾನು ಕ್ರೈಸ್ತಳಲ್ಲ. ಸೇವೆಯ ಹಂಬಲ ಉಕ್ಕಿ ಹರಿಯುತ್ತಿದ್ದವಳೂ ಅಲ್ಲ. ಗಂಡಿನ ಕಡೆಯವರಿಗಿಂತ ಸೊಳ್ಳೆ ವಾಸಿ ಎನ್ನಿಸಿ ಹೆಸರು ಕೊಟ್ಟೆ.

ನಾವು ನಾಲ್ವರು ಹುಡುಗಿಯರು, ಡಾಕ್ಟರಿಕೆ ಓದುತ್ತಿದ್ದ ಒಬ್ಬ ಹುಡುಗ, ನಮ್ಮೆಲ್ಲರ ಮೇಲೆ ಆಸ್ಪತ್ರೆಯ ನರ್ಸು. ಹುಡುಗ ಆಗ ನಡೆಯುತ್ತಿದ್ದ ಮಹಾಯುದ್ಧ ಮುಗಿದ ಮೇಲೆ ಆಫ್ರಿಕಾದ ಮಿಷನ್ ಆಸ್ಪತ್ರೆಯೊಂದಕ್ಕೆ ಹೋಗುವವನಿದ್ದ. ಕೊತ್ತತ್ತಿ ಅವನಿಗೆ ಅಭ್ಯಾಸಕ್ಕೆ. ನರ್ಸನ್ನು ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದರು. ಸುಳ್ಳು ಪಾಪವೆಂದು ಅನೇಕರು ನಂಬುತ್ತಾರೆ. ಸಿಸ್ಟರಮ್ಮ ಹಾಗೆಯೇ ನಡೆಯುತ್ತಲೂ ಇದ್ದರು. ಮದ್ದು ಕಹಿಯೇ ಎಂದು ಮಕ್ಕಳು ಕೇಳಿದರೆ "ತುಂಬಾ ಕಹಿ" ಎಂದು ಹೇಳಿ, ಮಕ್ಕಳು ಓಡಿಹೋದ ಮೇಲೆ ನಮ್ಮನ್ನು ಹಿಡಿದು ತರಲು ಕಳಿಸುತ್ತಿದ್ದರು.

ನಮಗೆ ಜಾಗ ಕೊಟ್ಟವರು ಗೌಡ್ತಮ್ಮ. ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನೂ, ಆಳುಗಳನ್ನೂ, ಎತ್ತುಗಳನ್ನೂ ಒಂದೇ ದನಿಯಲ್ಲಿ ಗದರಿಸಿ ನಡೆಸುತ್ತಿದ್ದ ಹೆಂಗಸು. "ಜಗ್ಲಿ ಕಾಲಿ ಬಿದ್ದದೆ. ನಾಯಿ ಮನಗೋ ಬದ್ಲು ನೀವು ಮನೀಕಳಿ" ಎಂದು ನಮ್ಮನ್ನು ಸ್ವಾಗತಿಸಿದರು. ಜಗಲಿ ಕೊಟ್ಟ ನಿಜವಾದ ಕಾರಣ ಒಳಗಿನ ಕೋಣೆಯಲ್ಲಿತ್ತು. ಹಿರಿಯ ಸೊಸೆ, ಎಳೆಗೂಸಿನ ತಾಯಿ, ದಿನ ಬಿಟ್ಟು ದಿನ ಜ್ವರ ಬಂದು ಕಂಬಳಿಯೊಳಗೆ ನಡುಗುತ್ತ ಮಲಗಿದ್ದಳು. ಎದೆಹಾಲು ಬತ್ತುತ್ತಿತ್ತು. ಹಿಂದಿನ ವರ್ಷ ಅದೇ ಬೀದಿಯ ಇನ್ನೊಬ್ಬ ಬಾಣಂತಿ ಇದೇ ಜ್ವರಕ್ಕೆ ಹೋಗಿದ್ದಳಂತೆ. ಗೌಡ್ತಮ್ಮ ಇದನ್ನೆಲ್ಲ ನಮಗೆ ಹೇಳಲಿಲ್ಲ. ದಿನಕ್ಕೆ ಹತ್ತು ಸಲ ಒಳಗೆ ಹೋಗಿ ಸೊಸೆಯನ್ನು ಬೈದು ಬರುತ್ತಿದ್ದರು, ಅಷ್ಟೇ.

ಮೊದಲ ದಿನ ಬೆಳಿಗ್ಗೆ ಹುಡುಗ ಕೈಜೋಡಿಸಿ, ಕಣ್ಣು ಮುಚ್ಚಿ, ಸಾಕಷ್ಟು ಹೊತ್ತು ಪ್ರಾರ್ಥನೆ ಮಾಡಿದ. ಗೌಡ್ತಮ್ಮ ಕಂಬಕ್ಕೊರಗಿ ನೋಡುತ್ತಿದ್ದರು.

"ಅಲ್ಲಾ ಕಣ್ಲಾ, ಕಣ್ ಮುಚ್ಕಂಡು ಬೇಡ್ತೀಯಲ್ಲ, ಅವ್ನು ಕೊಟ್ರೆ ನಿಂಗೆ ಕಾಣೋದೆಂಗೆ?"

ಹುಡುಗ ಒಂದು ಕಣ್ಣು ತೆರೆದ. ಅಂದಿನಿಂದ ಅವನು ಅರೆಗಣ್ಣಿನಲ್ಲೇ ಪ್ರಾರ್ಥಿಸುತ್ತಿದ್ದನೆಂದು ನನ್ನ ಗುಮಾನಿ.

ಅರ್ಧ ಊರು ಬಂದು ಅಂಗಳದಲ್ಲಿ ನೆರೆಯಿತು. ಗುಳಿಗೆಯನ್ನು ಯಾವಾಗ ನುಂಗಬೇಕು, ಎಷ್ಟು ನುಂಗಬೇಕು ಎಂದು ಸಿಸ್ಟರಮ್ಮ ವಿವರಿಸಿದರು. ಎಲ್ಲರ ಪರವಾಗಿ ಗೌಡ್ತಮ್ಮ ಕೇಳಿದರು, "ಪಥ್ಯ ಏನು?"

"ಏನೂ ಇಲ್ಲ. ಎಲ್ಲ ತಿನ್ನಬಹುದು."

ಅಂಗಳ ತಣ್ಣಗಾಯಿತು. ಆ ಕಡೆಯ ಪಂಡಿತರ ಚೂರ್ಣಕ್ಕೆ ಹುಳಿ ಬಿಡಬೇಕು, ಬದನೆಕಾಯಿ ಬಿಡಬೇಕು, ತಲೆಗೆ ನೀರು ಹಾಕಿಕೊಳ್ಳುವುದನ್ನೂ ಬಿಡಬೇಕು. ಬಿಟ್ಟಷ್ಟೂ ಮದ್ದಿಗೆ ಬಲ.

"ಪಥ್ಯ ಇಲ್ದೇ ಇರೋದು ಅದೆಂತ ಮದ್ದವ್ವಾ? ಕಡ್ಲೆಪುರಿ ಮಾರಾಕೆ ಬಂದಿದ್ದೀರಾ?" ಎಂದರು ಗೌಡ್ತಮ್ಮ. ಜನ ನಗುತ್ತ ಎದ್ದು ಹೋದರು. ಡಬ್ಬಿಗಳು ಮುಚ್ಚಳ ಸಮೇತ ಉಳಿದವು.

"ಬದನೆಕಾಯಿ ಬೇಡ ಅಂತ ನಾವೂ ಹೇಳಿಬಿಡೋಣ" ಎಂದು ಹುಡುಗ ಸಲಹೆ ಕೊಟ್ಟ.

"ಬದನೆಕಾಯಿ ಏನು ಮಾಡಿದೆ, ಪಾಪ?" ಎಂದರು ಸಿಸ್ಟರಮ್ಮ. ಅಲ್ಲಿಗೆ ಆ ಮಾತು ಮುಗಿಯಿತು.

ಆದರೆ ಜನರೆಲ್ಲ ಹೋದ ಮೇಲೆ ಗೌಡ್ತಮ್ಮ, ಬೇರೆ ಯಾರಿಗೋ ಎಂಬಂತೆ, ಗುಳಿಗೆ ಇಸಿದುಕೊಂಡು ಒಳಗೆ ಹೋಗಿದ್ದರು. ಮರುದಿನ ಬೆಳಿಗ್ಗೆ ಜಗಲಿಗೆ ಬಂದು ನಿಂತರು. "ನಿಮ್ ಮದ್ದು ಒಟ್ಟೇಲಿ ನಿಲ್ಲಾಕಿಲ್ಲ. ಕೊಟ್ಟಾಗೆಲ್ಲಾ ಕಕ್ಕಂಡ್ಲು." ದನಿ ಜೋರಾಗಿಯೇ ಇತ್ತು. ಸೆರಗಿನ ತುದಿ ಮಾತ್ರ ಅವರ ಕೈಯಲ್ಲಿ ಹಗ್ಗದಂತೆ ಹೊಸೆದುಕೊಂಡಿತ್ತು.

ಸಿಸ್ಟರಮ್ಮ ಒಳಗೆ ಹೋದರು. ನಾನೂ ಹಿಂದೆ ಹೋದೆ. "ಗುಳಿಗೆ ತಗೊಂಡಾಗ ಊಟ ಆಗಿತ್ತೇನಮ್ಮ?" ಎಂದು ಕೇಳಿದರು. ಸೊಸೆ ಮೊದಲು ಅತ್ತೆಯ ಮುಖ ನೋಡಿ, ಆಮೇಲೆ "ಇಲ್ಲ ಕಣಮ್ಮ, ನಮ್ದು ಎಲ್ಲಾರ್ದೂ ಆದ್ಮೇಲೆ" ಎಂದಳು. ಮೊದಲು ಗಂಡಸರು, ಆಮೇಲೆ ಆಳುಗಳು, ಆಮೇಲೆ ಅತ್ತೆ, ಕೊನೆಗೆ ಸೊಸೆ. ಅಷ್ಟು ಹೊತ್ತಿಗೆ ಮುದ್ದೆ ಕಲ್ಲು. ಜ್ವರದ ಬಾಯಿಗೆ ಸೇರದೆ ಅದನ್ನೂ ಅರ್ಧ ಸರಿಸುತ್ತಿದ್ದಳು. ಗುಳಿಗೆ ಬಿದ್ದಿದ್ದೆಲ್ಲ ಬರಿಹೊಟ್ಟೆಗೆ.

ಸಿಸ್ಟರಮ್ಮ ಅತ್ತೆಯ ಕಡೆ ತಿರುಗಿದರು. ಸಿಸ್ಟರಮ್ಮನವರ ಮುಖದಲ್ಲಿ ತುಂಟತನ ಕಂಡದ್ದು ನನಗೆ ಅದೊಂದೇ ಸಲ.

"ಗೌಡ್ತಮ್ಮ, ನಿನ್ನೆ ನಾನು ಹೇಳಿದ್ದು ತಪ್ಪು. ಈ ಮದ್ದಿಗೆ ಪಥ್ಯ ಇದೆ."

"ಅಂಗ್ ಯೋಳಿ ಮತ್ತೆ!" ಗೌಡ್ತಮ್ಮ ತೃಪ್ತಿಯಿಂದ ಗೋಡೆಗೊರಗಿ ಕೂತರು.

"ಹಸಿದ ಹೊಟ್ಟೇಲಿ ತಗೋಬಾರದು. ಆರಿದ್ದು ಉಣ್ಣಬಾರದು. ಮುದ್ದೆ ತಿರುವಿದ ತಕ್ಷಣ, ಬಿಸಿ ಇರುವಾಗಲೇ ಮೊದಲನೇದು ಈಕೆಗೆ. ಅದರ ಹಿಂದೆ ಗುಳಿಗೆ."

"ಗಂಡಸ್ರಿಗಿಂತ ಮೊದ್ಲಾ?"

"ಗಂಡಸರಿಗಿಂತ ಮೊದಲು."

"ನನ್ಗಿಂತ್ಲೂವಾ?"

"ನಿಮಗಿಂತಲೂ."

ಗೌಡ್ತಮ್ಮ ವ್ಯಾಪಾರಕ್ಕೆ ಇಳಿದರು. "ಬದ್ನೆಕಾಯಿ ಬುಡುಸ್ಬುಡಿ ಕಣವ್ವಾ. ಉಳೀನೂ ಬುಡುಸಿ. ಇದೊಂದ್ ಬ್ಯಾಡ."

"ಬದನೆಕಾಯಿ ಧಾರಾಳವಾಗಿ ತಿನ್ನಲಿ."

ಕೂಸು ಸೊರಗಿದ ದನಿಯಲ್ಲಿ ಅಳತೊಡಗಿತು. ಗೌಡ್ತಮ್ಮ ಅದನ್ನು ನೋಡಿದರು, ಸೊಸೆಯನ್ನು ನೋಡಿದರು. ಎದ್ದು ನಿಂತು, "ಎಂತಾ ಕಟ್ಟುನಿಟ್ಟು ಮದ್ದವ್ವಾ ಇದು!" ಎಂದರು. ಆ ದನಿಯಲ್ಲಿ ನಮ್ಮ ಮದ್ದಿನ ಮೇಲೆ ಮೊದಲ ಬಾರಿಗೆ ಗೌರವವಿತ್ತು.

ಅಂದಿನ ಮಧ್ಯಾಹ್ನದ ಊಟವನ್ನು ನಾನು ಮರೆಯಲಾರೆ. ಸೊಸೆಯ ಮುಂದೆ ಕಂಚಿನ ಗಂಗಳದಲ್ಲಿ ಹೊಗೆಯಾಡುವ ಮುದ್ದೆ. ಕೈ ತೊಳೆದುಕೊಂಡು ಬಂದ ಇಬ್ಬರು ಗಂಡುಮಕ್ಕಳು, ಬಸ್ಸು ತಪ್ಪಿದವರಂತೆ ಗೋಡೆಯ ಪಕ್ಕ ನಿಂತಿದ್ದರು.

"ಅವ್ವಾ, ಗದ್ದೆಗೆ ನೀರು ತಿರುಗಿಸ್ಬೇಕು, ಒತ್ತಾಯ್ತದೆ" ಎಂದ ಹಿರಿಯವನು, ಸೊಸೆಯ ಗಂಡ.

"ಸುಮ್ಕಿರ್ಲಾ! ಪಥ್ಯ ಕೆಟ್ರೆ ಮದ್ದು ತಿರುಗಿ ಬೀಳ್ತದೆ. ಆಮ್ಯಾಕೆ ನಿನ್ ಕೂಸಿಗೆ ನೀನು ಆಲು ಕೊಡ್ತೀಯಾ?"

ಅವನು ಹಿಂದೆ ಸರಿದು ಗೋಡೆಗೊರಗಿದ. ಸೊಸೆಗೋ ನಾಚಿಕೆಯಿಂದ ತುತ್ತು ಇಳಿಯದು. ಗೌಡ್ತಮ್ಮ ಬಾಗಿಲಲ್ಲಿ ನಿಂತು ಗದರಿದರು, "ನುಂಗೇ ಅಮ್ಮೀ! ಮದ್ದು ಅಂದ್ಕಂಡು ನುಂಗು."

ಗುಳಿಗೆ ನಿಂತಿತು. ಜ್ವರ ಬರಬೇಕಾದ ದಿನ ಬಂದು ಹೋಯಿತು, ನಡುಕ ಬರಲಿಲ್ಲ. ಕೆಲವೇ ದಿನಗಳಲ್ಲಿ ಸೊಸೆ ಕೂಸನ್ನು ಸೊಂಟಕ್ಕೇರಿಸಿ ಅಂಗಳಕ್ಕೆ ಬಂದಳು. ಗೌಡ್ತಮ್ಮ ಪಥ್ಯದ ಮಹಿಮೆಯನ್ನು ಬಾವಿಕಟ್ಟೆಯವರೆಗೂ ಸಾರಿದರು. ಮರುದಿನ ಜಗಲಿ ತುಂಬ ಊರಿನ ಸೊಸೆಯಂದಿರು! ಸಿಸ್ಟರಮ್ಮ ಒಬ್ಬೊಬ್ಬರ ನಾಲಿಗೆಯಡಿ ಥರ್ಮಾಮೀಟರು ಇಟ್ಟರು. ಹೆಚ್ಚಿನವರಿಗೆ ನಿಜವಾಗಿಯೂ ಜ್ವರವಿತ್ತು. ಇಲ್ಲದವರು ಪರೀಕ್ಷೆಯಲ್ಲಿ ನಪಾಸಾದವರಂತೆ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದರು. ಅವರ ಅತ್ತೆಯರು ಬೇಲಿಯಾಚೆ ನಿಂತು ನಮ್ಮನ್ನು ನೋಡುತ್ತಿದ್ದ ನೋಟಕ್ಕೆ ಹುಡುಗ ಬೆವರಿದ.

"ಆಪ್ರಿಕಾದಲ್ಲಿ ಏನೇನವೆ ಮಗ?" ಎಂದು ಗೌಡ್ತಮ್ಮ ಅವನನ್ನು ಕೇಳಿದರು.

"ಸಿಂಹ ಇದೆಯಂತೆ."

"ಸಿಮ್ಮ ಇದ್ರೆ ಇರ್ಲಿ ಬುಡ್ಲಾ. ಅಲ್ಲೂ ಅತ್ತೇರಿರ್ತಾರೆ. ಅವರ್ ತಾವ ಉಸಾರಾಗಿರು."

ಹೊರಡುವ ದಿನ ನಾನೂ ಸಿಸ್ಟರಮ್ಮನವರೂ ಡಬ್ಬಿ ಕಟ್ಟುತ್ತಿದ್ದೆವು. ಬೇರೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಗೌಡ್ತಮ್ಮ ಬಂದು ಕೂತರು. ಮಳೆಯ ಮಾತಾಡಿದರು, ಎತ್ತಿನ ಮಾತಾಡಿದರು. ಆಮೇಲೆ ಎಲ್ಲೋ ನೋಡುತ್ತ, "ನಂಗೂ ಒಸಿ ಜ್ವರ ಬಂದಂಗದೆ ಕಣವ್ವಾ" ಎಂದರು.

ಥರ್ಮಾಮೀಟರು ಬಾಯಲ್ಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳುವವರಂತೆ ನೆಟ್ಟಗೆ ಕೂತರು. ತೆಗೆದು ನೋಡಿದೆ. ಸಿಸ್ಟರಮ್ಮನವರಿಗೂ ತೋರಿಸಿದೆ. ಒಂದು ಸುಳ್ಳು ಹೇಳಿಬಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ... ಅವರು ಹೇಳಲಿಲ್ಲ.

"ಜ್ವರ ಇಲ್ಲ, ಗೌಡ್ತಮ್ಮ."

"ಇಲ್ವಾ? ಓಗ್ಲಿ ಬುಡಿ." ಮಂಡಿಗೆ ಕೈಯೂರಿ ಏಳುತ್ತ, ತಮಾಷೆ ಹೇಳುವವರಂತೆ ನಕ್ಕರು. "ಈ ಮನೆಗೆ ಬಂದಾಗಿಂದ ನಾನು ಬಿಸಿ ಮುದ್ದೆ ಮುಟ್ಟಿರೋದು ಬೇರೇರ್ಗೆ ಇಕ್ಕೋವಾಗ್ಲೇ ಕಣವ್ವಾ."

ಸಿಸ್ಟರಮ್ಮ ಅವರ ಕೈ ಹಿಡಿದು ಕೂರಿಸಿದರು. "ನಿಮಗೆ ಮದ್ದು ಬೇಡ. ಪಥ್ಯ ಮಾತ್ರ ಮಾಡಿ."

"ಮದ್ದಿಲ್ದೆ ಪಥ್ಯವಾ? ಎಷ್ಟ್ ದಿನ?"

"ಇದನ್ನು ನಿಲ್ಲಿಸೋ ಹಾಗಿಲ್ಲ."

ಗೌಡ್ತಮ್ಮ ಯೋಚಿಸಿದರು. ಆಮೇಲೆ, ಕೊಟ್ಟಿಗೆಯಲ್ಲಿದ್ದ ಗಂಡುಮಕ್ಕಳಿಗೂ ಕೇಳುವಂತೆ ಒಳಗೆ ಕೂಗಿದರು, "ಏ ಅಮ್ಮೀ! ನಂಗೂ ಪಥ್ಯ ಯೋಳವ್ರೆ ಕಣೇ! ಎಲ್ಡ್ ಗಂಗಳ ಮಡಗು!"

ಮತ್ತೊಮ್ಮೆ ಹೋಗಬೇಕೆಂದುಕೊಂಡೆ. ಗುತ್ತಲಿನಿಂದ ಕೊತ್ತತ್ತಿ ದೂರವೇನಲ್ಲ. ದೂರವಿಲ್ಲದ ಊರುಗಳಿಗೆ ನಾವು ಹೋಗುವುದೇ ಇಲ್ಲವೇನೋ... ಹೋದ ತಿಂಗಳು ಮಂಡ್ಯದ ಬಸ್‌ಸ್ಟ್ಯಾಂಡಿನಲ್ಲಿ ಶಾಲೆಗೆ ಹೋಗುವ ವಯಸ್ಸಿನ ಹುಡುಗನೊಬ್ಬನ ಕೈಹಿಡಿದ ಹೆಂಗಸು ನನ್ನನ್ನು ಗುರುತು ಹಿಡಿದಳು. ಆ ಸೊಸೆ. ಗೌಡ್ತಮ್ಮ ಬೇಸಿಗೆಯಲ್ಲಿ ತೀರಿಕೊಂಡರಂತೆ.

"ಸಾಯೋ ಗಂಟ ಪಥ್ಯ ಬುಡ್ನಿಲ್ಲ ಕಣಕ್ಕಾ" ಎಂದಳು. "ಕೊನೇಗೆ ನುಂಗಾಕೇ ಆಯ್ತಿರ್ನಿಲ್ಲ. ಆದ್ರೂ ಮೊದಲ್ನೇ ಮುದ್ದೆ ಎದ್ರುಗೆ ಇಕ್ಕಿಸ್ಕಂಡು, ಆವಿ ಏಳೋದ ನೋಡ್ಕಂಡು ಕುಂತಿರೋದು." ಇಬ್ಬರೂ ನಕ್ಕೆವು. ಆಮೇಲೆ ಅವಳು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಬಸ್ಸು ಬಂತು.

ನಿನ್ನೆ ಗುಳಿಗೆಯನ್ನು ಕಿಟಕಿಯ ಮೇಲಿಟ್ಟು ಎದ್ದು ಎಸರಿಟ್ಟೆ. ನನ್ನ ಮನೆಯಲ್ಲಿ ನಾನೊಬ್ಬಳೇ. ಮೊದಲು ಉಣ್ಣುವವಳೂ ನಾನೇ, ಕೊನೆಗೆ ಉಣ್ಣುವವಳೂ ನಾನೇ. ಆದರೂ ಮುದ್ದೆ ಆರುವ ಮುಂಚೆ, ಬಾಗಿಲಲ್ಲಿ ನಿಂತು ಯಾರೋ ಗದರುತ್ತಾರೆಂಬಂತೆ, ಬೇಗ ಬೇಗ ನುಂಗಿದೆ.

ಯಾರೂ ಗದರಲಿಲ್ಲ. ಗುಳಿಗೆ ತೆಗೆದುಕೊಂಡೆ.