ಇನ್ನೂರ ನಲವತ್ತು ವರ್ಷದ ಸದಸ್ಯರು

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ತಿಪಟೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನೂ ನನ್ನ ಗೆಳೆಯನೂ ಪಾಠ ಹೇಳುತ್ತಿದ್ದೆವು. ತೆಂಗು ಬೆಳೆಗಾರರ ಸಂಘವೊಂದು ತನ್ನ ಸದಸ್ಯರ ಪಟ್ಟಿಗೆ ಪ್ರೋಗ್ರಾಂ ಬರೆದುಕೊಡಿ ಎಂದಿತು. ಹೆಸರು, ವಯಸ್ಸು, ಮರಗಳ ಸಂಖ್ಯೆ ತುಂಬಲು ಪರದೆಯ ಮೇಲೆ ಮೂರು ಖಾಲಿ ಚೌಕ ಕೂರಿಸಿದೆ. ಆ ಚೌಕಗಳು ಸಾಫ್ಟ್‌ವೇರ್ ಜೊತೆಗೇ ಸಿದ್ಧವಾಗಿ ಬರುತ್ತಿದ್ದವು, ಏನು ಬರೆದರೂ ಒಪ್ಪಿಕೊಳ್ಳುತ್ತಿದ್ದವು. ತಪ್ಪು ಹಿಡಿಯುವ ಭಾಗವನ್ನು ನಾವೇ ಬರೆಯಬೇಕಿತ್ತು. ನಾನು ಬರೆಯಲಿಲ್ಲ.

ಸಂಘದ ಗುಮಾಸ್ತರು ಹೊನ್ನವಳ್ಳಿಯ ರೈತರೊಬ್ಬರ ಮರಗಳ ಸಂಖ್ಯೆಯನ್ನು ವಯಸ್ಸಿನ ಚೌಕದಲ್ಲೂ ವಯಸ್ಸನ್ನು ಮರಗಳ ಚೌಕದಲ್ಲೂ ತುಂಬಿದರು. ಆ ವರ್ಷದ ಸಭೆಯಲ್ಲಿ ಅತಿ ಹಿರಿಯ ಸದಸ್ಯರಿಗೆ ಸನ್ಮಾನವಿತ್ತು. ಕಂಪ್ಯೂಟರ್ ಹುಡುಕಿಕೊಟ್ಟ ಹೆಸರಿಗೆ ಪತ್ರ ಹೋಯಿತು: ‘ತಮ್ಮ ಇನ್ನೂರ ನಲವತ್ತು ವರ್ಷಗಳ ಸಾರ್ಥಕ ಬದುಕಿಗೆ ಅಭಿನಂದನೆಗಳು.’

ಪತ್ರ ಹಿಡಿದು ಕಚೇರಿಗೆ ಬಂದವರು ನಲವತ್ತೆರಡರ ಗಟ್ಟಿ ಆಳು.

“ಏನ್ರೀ ಇದು? ಇದನ್ನ ಓದ್ದಾಗಿಂದ ನನ್ನ ಹೆಂಡ್ತಿ ಮುತ್ತಾತ ಅಂತ ಕರೀತಾವ್ಳೆ.”

ಅಧ್ಯಕ್ಷರು ತಲೆ ಕೆರೆದುಕೊಂಡರು. “ಆಹ್ವಾನ ಪತ್ರಿಕೇಲೂ ನಿನ್ನ ಹೆಸ್ರೇ ಅಚ್ಚಾಗೋಗೈತೆ ಕಣಪ್ಪ. ಒಂದು ಶಾಲು ಹೊದಿಸ್ಕೊಂಡು ಹೋಗ್ಬುಡು.”

“ನಮ್ಮಪ್ಪನೂ ಸದಸ್ಯ. ಎದುರಿಗೇ ಕೂತಿರ್ತಾನಲ್ರೀ!”

“ಅವರಿಗೂ ಒಂದು ಹಾರ ಹಾಕಾಣ ಬುಡು.”

ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಆ ಅಪ್ಪ. ಹಿರಿಯರು ಕಿರಿಯರಿಗೆ ಎರಡು ಮಾತು ಹೇಳಬೇಕೆಂದು ಅಧ್ಯಕ್ಷರು ಮೈಕಿನಲ್ಲಿ ಕೂಗಿದರು. ಶಾಲು ಹೊದ್ದವರು ಎದ್ದು, “ಅರ್ಜಿ ತುಂಬ್ದೋರು ಇನ್ನೊಂದ್ಸಲ ಕಣ್ಣಾಡ್ಸಿ” ಎಂದು ಗಂಭೀರವಾಗಿ ಹೇಳಿ ಕೂತರು. ಹಿಂದಿನ ಸಾಲಿನಲ್ಲಿದ್ದ ನಾನು ತಲೆ ತಗ್ಗಿಸಿದೆ.

“ಸಾಫ್ಟ್‌ವೇರ್ ಜೊತೆ ಚೌಕ ಮಾಡಿ ಕಳ್ಸಿದೋರೇ ಅದಕ್ಕೆ ಬುದ್ಧಿ ಇಟ್ಟು ಕೊಡ್ಬೇಕಿತ್ತು ಕಣ್ಲಾ,” ಎಂದ ಗೆಳೆಯ. “ವಯಸ್ಸು ನೂರು ದಾಟಿದ್ರೆ ಅದೇ ಬೇಡ ಅನ್ಬೇಕು.”

ನಾಚಿಕೆಯಲ್ಲಿದ್ದ ನನಗೆ ಅದು ಸರಿಯೆನಿಸಿತು. ನೂರು ದಾಟಿದರೆ ಒಪ್ಪದ ಚೌಕವೊಂದನ್ನು ನಾವೇ ತಯಾರಿಸಿ ಸಂಘದ ಪ್ರೋಗ್ರಾಮಿಗೆ ಹಾಕಿದೆವು; ಮುಂದೆ ಎಲ್ಲ ಪ್ರೋಗ್ರಾಮಿಗೂ ಇದನ್ನೇ ಹಾಕುವುದೆಂದು ನಿರ್ಧರಿಸಿದೆವು.

ತಿಂಗಳೊಳಗೆ ಸಂಘದಿಂದ ಕರೆ ಬಂತು, ಹೋದೆ. ಹಂದನಕೆರೆಯ ಅಜ್ಜಿಯೊಬ್ಬರು ಸದಸ್ಯತ್ವಕ್ಕೆ ಬಂದು ಬೆಂಚಿನ ಮೇಲೆ ಪಟ್ಟಾಗಿ ಕೂತಿದ್ದರು. ವಯಸ್ಸು ನೂರ ಎರಡು. ಪ್ರತಿ ಸಲವೂ ಕಂಪ್ಯೂಟರ್ ‘ವಯಸ್ಸು ತಪ್ಪಾಗಿದೆ’ ಎನ್ನುತ್ತಿತ್ತು.

“ತೊಂಬತ್ತೊಂಬತ್ತು ಅಂತ ಹಾಕ್ಲಾ ಅಜ್ಜಿ?” ಎಂದು ಗುಮಾಸ್ತರು ಬೇಡಿಕೊಂಡರು.

“ಇನ್ ಮೂರು ವರ್ಸ ಏನಾಯ್ತು? ನೀನ್ ಇಟ್ಕಂಡ್ಯಾ?”

ಅಜ್ಜಿಯೆದುರೇ ಕೂತು ಚೌಕವನ್ನು ಬದಲಾಯಿಸಿದೆ. ಅಂಕಿಯ ಜಾಗದಲ್ಲಿ ಅಕ್ಷರ ಬಂದರೆ ಚೌಕ ತಡೆಯಲಿ. ನೂರು ದಾಟಿದರೆ ಮಾತ್ರ ‘ಇದು ನಿಜವೇ?’ ಎಂದು ಕೇಳಿ, ಹೌದೆಂದರೆ ಒಪ್ಪಲಿ. ಗುಮಾಸ್ತರು ಮತ್ತೆ ತುಂಬಿದರು.

“ನಿಜವಾ ಅಂತ ಕೇಳ್ತೈತೆ ಅಜ್ಜಿ.”

ಅಜ್ಜಿ ಪರದೆಯತ್ತ ತಿರುಗಿದರು. “ನಿನಗೆಷ್ಟು ವಯಸ್ಸು?” ಎಂದು ಅದನ್ನೇ ಕೇಳಿದರು.

ಗುಮಾಸ್ತರು ನನ್ನ ಮುಖ ನೋಡಿದರು. “ಕಂಪ್ಯೂಟರಿಗೆ ಎರಡು ವರ್ಷ ಅಜ್ಜಿ,” ಎಂದು ನಾನೇ ಉತ್ತರ ಕೊಟ್ಟು, ‘ಹೌದು’ ಒತ್ತಿದೆ.