ಹೊಸ ಬಲೆಯಂಗಿ ನನಗೆ, ಹಳೆಯದು ಚಾಚಾಗೆ

ಹೋದ ಶನಿವಾರ ಹಾಟ್ ಪ್ರೆಸ್ ಖಾಲಿ ಮಾಡುತ್ತಿದ್ದೆ. ಇಲ್ಲಿ ಐರ್ಲೆಂಡಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕಿನ ಸುತ್ತ ಬಟ್ಟೆ ಬೆಚ್ಚಗಿರಲೆಂದು ಮಾಡಿರುವ ಗೂಡು ಅದು. ನಮ್ಮ ಮನೆಯಲ್ಲಿ ಬೇಡವಾದದ್ದೆಲ್ಲ ಅಲ್ಲಿಗೇ ಸೇರುತ್ತದೆ. ತಳದಲ್ಲಿದ್ದ ಒಂದು ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದೆ. ಮೂಗಿಗೆ ಬಡಿದ ವಾಸನೆ... ನಾನು ಚಿಕ್ಕವನಿದ್ದಾಗ ಮೈಸೂರಿನಲ್ಲಿ ಮುನಿಸಿಪಾಲಿಟಿಯವರು ಸೊಳ್ಳೆಗೆ ಔಷಧಿ ಹೊಡೆದು ಹೋದ ಮೇಲೆ ಗೋಡೆಗಳು ಎರಡು ದಿನ ನಾರುತ್ತಿದ್ದವಲ್ಲ, ಹೆಚ್ಚುಕಡಿಮೆ ಅದೇ. ಒಳಗಿದ್ದದ್ದು ಹಸಿರು ಬಲೆಬಟ್ಟೆಯ ಅಂಗಿ, ಪ್ಯಾಂಟು. ಕುತ್ತಿಗೆಗೇ ಸೇರಿಸಿ ಹೊಲಿದ ಟೋಪಿ, ಮುಖದ ಮೇಲೆ ಎಳೆದುಕೊಳ್ಳಲು ಕಪ್ಪು ಪರದೆ, ಮಣಿಕಟ್ಟಿಗೂ ಪಾದದ ಗಂಟಿಗೂ ಬಿಗಿಯಾದ ಇಲಾಸ್ಟಿಕ್. ನಾನದನ್ನು ಹಾಕಿಕೊಂಡದ್ದು ಒಂದೇ ಒಂದು ಸಲ. ಚೀಲಕ್ಕೆ ಮತ್ತೆ ಗಂಟು ಹಾಕಿದೆ.

ಅದನ್ನು ಕೊಟ್ಟವರು ಪಕ್ಕದ ಮನೆಯ ಚಾಚಾ. ಲೂಕನ್‌ನ ನಮ್ಮ ಸಾಲಿನಲ್ಲಿ ಎರಡೆರಡು ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಹುಬ್ಬಳ್ಳಿಯ ಕಡೆಯವರು. ಐರ್ಲೆಂಡಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಮಸಾಲೆ ಸಾಮಾನಿನ ವ್ಯಾಪಾರ ಮಾಡಿ, ವಯಸ್ಸಾದ ಮೇಲೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಚಾಚಿ ತೀರಿಕೊಂಡಿದ್ದರು. ಇದ್ದ ಒಬ್ಬಳೇ ಮಗಳು ಕಾರ್ಕ್ ಊರಿನ ಡಗ್ಲಸ್‌ನಲ್ಲಿ ಸಂಸಾರ ಮಾಡಿಕೊಂಡಿದ್ದಳು. ಚಾಚಾಗೆ ಇದ್ದದ್ದು ಒಂದೇ ಹುಚ್ಚು, ಜಿಂಕೆ ಬೇಟೆ. ಲೈಸೆನ್ಸ್ ಇತ್ತು, ವಿಕ್ಲೋ ಬೆಟ್ಟಗಳಲ್ಲಿ ಜಮೀನಿದ್ದ ಒಬ್ಬ ರೈತನ ಅನುಮತಿ ಇತ್ತು. ನಾನೋ ಮೊಟ್ಟೆಯನ್ನೂ ಮುಟ್ಟದ ಮನೆಯಿಂದ ಬಂದವನು, ಸಿಟಿವೆಸ್ಟ್‌ನ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಬೆನ್ನು ಬಗ್ಗಿಸುವವನು. ಆದರೂ ಕೆಲವು ವರ್ಷಗಳ ಹಿಂದಿನ ಒಂದು ಜುಲೈನಲ್ಲಿ, ಬೇಟೆಯ ಸೀಸನ್ ಶುರುವಾಗುವ ಮೊದಲು, ಬಂದೂಕಿಲ್ಲದೆ ಜಿಂಕೆಗಳ ಜಾಡು ನೋಡಿ ಬರಲು ಹೊರಟಾಗ ಅವರು ಕರೆದದ್ದು ನನ್ನನ್ನೇ.

"ನೀ ತಿನ್ನಾಂವಲ್ಲ, ಪಾಲು ಕೇಳಾಂವಲ್ಲ. ನಿನ್ನಂಥಾಂವನ್ನ ಕರ್ಕೊಂಡು ಹೋಗೂದ ಛಲೋ, ತಮ್ಮಾ."

ಬೇಸಿಗೆಯ ಬೆಟ್ಟಕ್ಕೆ ಬಂದೂಕಿಗಿಂತ ಬಟ್ಟೆ ಮುಖ್ಯ ಎನ್ನುವುದು ಅವರ ಸಿದ್ಧಾಂತ. ಗಾಳಿ ನಿಂತರೆ ಮಿಜ್ ಎನ್ನುವ ನೊರಜುಗಳು ಮೋಡದ ಹಾಗೆ ಮುತ್ತುತ್ತವೆ. ಅವು ಕಚ್ಚಿದರೆ ತುರಿಕೆ, ಅಷ್ಟೇ. ಅವರಿಗೆ ಭಯವಿದ್ದದ್ದು ಉಣ್ಣಿಯದು. ದನ, ನಾಯಿಗಳ ಮೈಗೆ ಅಂಟುತ್ತದಲ್ಲ, ಅದೇ. ಇಲ್ಲಿ ಜಿಂಕೆ ಓಡಾಡಿದ ಕಡೆಯೆಲ್ಲ ಸೊಂಟದೆತ್ತರ ಬೆಳೆದ ಜರಿಗಿಡಗಳಲ್ಲಿ ಎಳ್ಳುಕಾಳಿನಷ್ಟು ಸಣ್ಣದಾಗಿ ಕಾದಿರುತ್ತದೆ. ಕೆಲವಕ್ಕೆ ಲೈಮ್ ಎನ್ನುವ ಕಾಯಿಲೆ ಅಂಟಿರುತ್ತದೆ. ಅದು ಮನುಷ್ಯನಿಗೆ ಬಂದು, ಗೊತ್ತಾಗದೆ ಒಳಗೇ ಉಳಿದರೆ ನರಕ್ಕೆ ಇಳಿಯುತ್ತದೆ, ಹೃದಯಕ್ಕೂ ಇಳಿಯುತ್ತದೆ. ಅದಕ್ಕೇ ಔಷಧಿ ಹಾಕಿದ ಬಲೆಯಂಗಿ. ಅವರ ಬಳಿ ಎರಡಿದ್ದವು. ತಮಗೆಂದು ಆ ವರ್ಷ ತರಿಸಿಕೊಂಡ ಹೊಸದನ್ನು ನನ್ನ ಕೈಗಿಟ್ಟು, ಒಗೆದು ಒಗೆದು ಬಣ್ಣಗೆಟ್ಟ ಹಳೆಯದನ್ನು ತಾವು ತೊಟ್ಟರು.

"ಅದ್ರಲ್ಲಿ ಔಷಧಿ ಎಲ್ಲಾ ಹೋಗಿರುತ್ತಲ್ಲ ಚಾಚಾ? ಇಲಾಸ್ಟಿಕ್ ಬೇರೆ ಸಡಿಲ ಆಗಿದೆ."

"ಬೆಟ್ಟಕ್ಕ ಕರದಾಂವ ನಾನು, ನೀ ಮೆಹಮಾನ. ಬಾಯಿ ಮುಚ್ಚಿ ಹಾಕ್ಕೋ."

ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಬಾಸಿಂಗ ಒಂದು ಕಟ್ಟಿಬಿಟ್ರೆ ಮುಹೂರ್ತಕ್ಕೆ ರೆಡಿ," ಎಂದು ನಕ್ಕಳು. ನಾವೂ ನಕ್ಕೆವು.

ಬೆಳಗಿನ ಆರಕ್ಕೆ ಬೆಟ್ಟದ ಇಳಿಜಾರಿನಲ್ಲಿದ್ದೆವು. ಚಾಚಾ ದುರ್ಬೀನು ಹಿಡಿದು ಮುಂದೆ, ನಾನು ಹಿಂದೆ. ಒಂದು ಕಡೆ ಅವರು ಕೈ ಕೆಳಗೆ ಮಾಡಿದರು. ಇಬ್ಬರೂ ಜರಿಗಿಡಗಳ ನಡುವೆ ಬೋರಲು ಮಲಗಿದೆವು. ಐವತ್ತು ಹೆಜ್ಜೆ ದೂರದಲ್ಲಿ ಗಂಡು ಜಿಂಕೆ, ಕೊಂಬಿನ ಮೇಲಿನ್ನೂ ಮಖಮಲ್ಲಿನಂಥ ಚರ್ಮ. ಅದು ತಲೆಯೆತ್ತಿ ನಮ್ಮ ಕಡೆಗೇ ನೋಡಿತು. ಆ ಹೊತ್ತಿಗೇ ಗಾಳಿ ನಿಂತಿತು. ನೊರಜುಗಳು ಇಳಿದವು. ನನ್ನ ಮುಖಪರದೆಯ ಜಿಪ್ಪು ಒಂದು ಬೆರಳಿನಷ್ಟು ಬಿಟ್ಟುಹೋಗಿತ್ತು. ಒಳಗೆ ನುಗ್ಗಿ ರೆಪ್ಪೆಗೆ, ಮೂಗಿಗೆ, ಕಿವಿಗೆ... ಕೂಗಿಕೊಳ್ಳಬೇಕೆನಿಸಿತು. ಚಾಚಾ ಕಣ್ಣು ಸರಿಸದೆ ತಮ್ಮ ಕೈಯನ್ನು ನನ್ನ ಮಣಿಕಟ್ಟಿನ ಮೇಲಿಟ್ಟು ಒತ್ತಿ ಹಿಡಿದರು. ಜಿಂಕೆ ತಿರುಗಿ ಹೋಗುವವರೆಗೆ ಕೈ ತೆಗೆಯಲಿಲ್ಲ. ಅಷ್ಟು ಹೊತ್ತೂ ಅವರ ಕಾಲು ಜರಿಗಿಡಗಳಲ್ಲಿ ಹೂತಿತ್ತು, ಪ್ಯಾಂಟಿನ ಒಂದು ತುದಿ ಕಾಲುಚೀಲದಿಂದ ಮೇಲೆದ್ದು ಮಂಡಿಯ ಹತ್ತಿರ ಮುದುಡಿತ್ತು. ನೋಡಿದ್ದೆ. ಹೇಳಲು ಬಾಯಿ ತೆರೆಯುವಂತಿರಲಿಲ್ಲ, ಆಮೇಲೆ ಮರೆತೇಹೋಯಿತು.

ಬೆಟ್ಟದಿಂದ ಬಂದ ಮೇಲೆ ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗ್ಯಾರೇಜಿನಲ್ಲಿ ಬಟ್ಟೆ ಕಳಚಿ ಚೀಲಕ್ಕೆ ಹಾಕಿ, ಲುಂಗಿ ಸುತ್ತಿಕೊಂಡು, ಒಬ್ಬರ ಮೈ ಇನ್ನೊಬ್ಬರು ನೋಡಬೇಕು. ಬೆನ್ನು, ತೊಡೆಯ ಹಿಂಭಾಗ, ಮಂಡಿಯ ಸಂದು, ನಮಗೆ ನಾವೇ ಕಾಣದ ಜಾಗಗಳೆಲ್ಲ. "ಚಾಚಿ ಇದ್ದಾಗ ಆಕಿ ನೋಡ್ತಿದ್ಲು," ಎಂದರು ಚಾಚಾ. ಮೊದಲು ನನ್ನ ಸರದಿ. ಕನ್ನಡಕ ಏರಿಸಿ, ಟಾರ್ಚು ಹಿಡಿದು, ಕಿವಿಯ ಹಿಂದಿನಿಂದ ಹಿಮ್ಮಡಿಯವರೆಗೆ ಅಕ್ಕಿ ಆರಿಸುವ ಹಾಗೆ ನೋಡಿದರು. ಆಮೇಲೆ ಟಾರ್ಚು ನನ್ನ ಕೈಗೆ ಕೊಟ್ಟು, ಆ ಕಡೆ ತಿರುಗಿ, ಲುಂಗಿ ಮೇಲೆತ್ತಿ ನಿಂತರು.

ನನಗೆ ಆಗಲಿಲ್ಲ. ನನ್ನ ಅಪ್ಪನನ್ನು ಬನಿಯನ್ ಇಲ್ಲದೆ ನಾನು ನೋಡಿದವನಲ್ಲ. ಅಪ್ಪನಿಗಿಂತ ಹಿರಿಯರೊಬ್ಬರ ಬತ್ತಿದ ತೊಡೆಗೆ ಟಾರ್ಚು ಬಿಟ್ಟು ನೋಡುವುದು ಎಂದರೆ... ಕಣ್ಣು ತಾನಾಗಿ ಪಕ್ಕಕ್ಕೆ ಹೋಯಿತು. ಹತ್ತು ಎಣಿಸುವಷ್ಟು ಹೊತ್ತು ನಿಂತು, "ಏನೂ ಇಲ್ಲ ಚಾಚಾ," ಎಂದೆ.

"ಖರೇ?"

"ಹೂಂ ಚಾಚಾ. ಕ್ಲೀನಾಗಿದೆ."

ಮೂರು ವಾರ ಕಳೆಯಿತು. ಜ್ವರ, ಮೈಕೈ ನೋವು ಎನ್ನುತ್ತಿದ್ದರು. ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದಾಗ ಬಲಗೆನ್ನೆ ಜೋತುಬಿದ್ದಿತ್ತು, ಆ ಕಡೆಯ ಕಣ್ಣು ಮುಚ್ಚುತ್ತಿರಲಿಲ್ಲ. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬೇಟೆಗೆ ಹೋಗುವವರೆಂದು ತಿಳಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಉಣ್ಣಿಯದು. ಕಚ್ಚಿತ್ತೇ, ಎಲ್ಲಾದರೂ ಉಂಗುರದಂಥ ಕೆಂಪು ಗುರುತು ಬಂದಿತ್ತೇ ಎಂದರು. ಚಾಚಾ ವಾರೆಯಾದ ಬಾಯಲ್ಲೇ ನನ್ನನ್ನು ತೋರಿಸಿ, ಇಲ್ಲ, ಇವನು ಪೂರ್ತಿ ನೋಡಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಡಾಕ್ಟರು ನನ್ನ ಕಡೆ ತಿರುಗಿದರು. ನಿಜ ಹೇಳಲು ಒಂದು ಮಾತು ಸಾಕಾಗಿತ್ತು. ನಾನು ಹೌದೆಂದು ತಲೆಯಾಡಿಸಿದೆ. ಡಾಕ್ಟರು ಉಣ್ಣಿಯ ವಿಷಯ ಬಿಟ್ಟು ಬೇರೆ ಕಾರಣ ಹುಡುಕಿದರು, ಬೇರೆ ಮಾತ್ರೆ ಕೊಟ್ಟರು. ಅವರ ತಪ್ಪಿಲ್ಲ. ಸುಳ್ಳು ನನ್ನದು.

ಆ ಒಂದು ವಾರ ನಾನು ಊಟ ಮಾಡಿದ್ದು ನೆನಪಿಲ್ಲ. ಗೋಡೆಯ ಆಚೆಯಿಂದ ಅವರ ಕೆಮ್ಮು ಕೇಳಿದರೆ ಒಂದು ಕಷ್ಟ, ಕೇಳದಿದ್ದರೆ ಇನ್ನೊಂದು. ಹೋಗಿ ಹೇಳಿಬಿಡೋಣ ಎಂದು ಎರಡು ಸಲ ಅವರ ಗೇಟಿನವರೆಗೂ ಹೋದೆ. ಹೇಗಿದ್ದೀರಿ ಎಂದರೆ ಅವರು, ಆರಾಮ ಎನ್ನಲು ಇಲ್ಲಿಯವರು ಹೇಳುವ ಹಾಗೆ, "ಗ್ರ್ಯಾಂಡ್ ಅದೀನಿ, ಗ್ರ್ಯಾಂಡ್," ಎನ್ನುತ್ತಿದ್ದರು. ನಾನು ಅಷ್ಟನ್ನೇ ನೆಪ ಮಾಡಿಕೊಂಡು ವಾಪಸು ಬರುತ್ತಿದ್ದೆ. ಹೇಡಿತನಕ್ಕೆ ನೆಪಕ್ಕೇನು ಬರ.

ಎಂಟನೆಯ ದಿನ ಅವರು ಹಿತ್ತಲಲ್ಲಿ ಕುಸಿದು ಬಿದ್ದರು. ನಾನೂ ಆಂಬುಲೆನ್ಸಿನಲ್ಲಿ ಹೋದೆ. ನಾಡಿ ಮೂವತ್ತಕ್ಕೆ ಇಳಿದಿತ್ತು. ಹೃದಯದ ಮಿಡಿತ ಯಾಕೆ ಹೀಗೆ ತಪ್ಪುತ್ತಿದೆ ಎಂದು ಆಸ್ಪತ್ರೆಯವರಿಗೆ ತಿಳಿಯುತ್ತಿರಲಿಲ್ಲ. ಕಾರಿಡಾರಿನಲ್ಲಿ ಹೋಗುತ್ತಿದ್ದ ಡಾಕ್ಟರಮ್ಮನ ದಾರಿಗೆ ಅಡ್ಡ ನಿಂತೆ. "ನಾನು ನೋಡಿರಲಿಲ್ಲ," ಎಂದೆ ಇಂಗ್ಲಿಷಿನಲ್ಲಿ. "ನೋಡಿದೆ ಅಂತ ಹೇಳಿದ್ದು ಸುಳ್ಳು." ಆಕೆ ನನ್ನನ್ನು ಬೈಯಲಿಲ್ಲ, ಒಳಗೆ ಓಡಿದರು. ನರ್ಸು ಚಾಚಾರನ್ನು ಮಗ್ಗುಲಿಗೆ ಹೊರಳಿಸಿದಾಗ ಬಲಮಂಡಿಯ ಹಿಂದೆ ಬಳೆಯಗಲದ ಗುರುತು, ಮಾಸುತ್ತಾ ಬಂದಿದ್ದರೂ ಚೆನ್ನಾಗಿ ಕಾಣುತ್ತಿತ್ತು. ಅವತ್ತೇ ರಕ್ತನಾಳಕ್ಕೆ ಔಷಧಿ ಹಾಕಿದರು. ರಕ್ತಪರೀಕ್ಷೆಯಲ್ಲೂ ಲೈಮ್ ಎಂದೇ ಬಂತು. ಮೂರನೆಯ ದಿನ ಮಿಡಿತ ಸರಿಹೋಯಿತು.

ಬದುಕಿದರು. ಆದರೆ ನಗುವಾಗ ಆ ಬಲಗೆನ್ನೆ ಹಿಂದೆಯೇ ಉಳಿಯುತ್ತಿತ್ತು. ಏರು ಹತ್ತಿದರೆ ಉಸಿರು ಕಟ್ಟುತ್ತಿತ್ತು. ಬಂದೂಕು ಕೊಟ್ಟುಬಿಟ್ಟರು, ಬೆಟ್ಟ ಮುಗಿಯಿತು. ನನ್ನ ಎದೆಗೆ ಚುಚ್ಚಿದ್ದು ಬೇರೆ. ಮನೆಗೆ ಬಂದವರಿಗೆಲ್ಲ ನನ್ನ ಭುಜ ತಟ್ಟಿ ಹೇಳುತ್ತಿದ್ದರು, "ಈ ತಮ್ಮ ಡಾಕ್ಟರಗ ಹೇಳಿದ್ದಕ್ಕ ನಾ ಉಳದೆ ನೋಡ್ರಿ." ನಾನು ಏನು ಹೇಳಿದೆ ಎಂದು ಅವರು ಒಂದು ಸಲವೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎರಡು ವರ್ಷದ ನಂತರ ಮಗಳ ಮನೆಗೆ ಹೋದರು. ಕಳೆದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಷ್ಟು ಜನರ ನಡುವೆ ಬಾಯಿ ಬರಲಿಲ್ಲ.

ಆ ಚೀಲ ಬಿಚ್ಚಿದ ಮಾರನೆಯ ದಿನ, ಭಾನುವಾರ, ಡಗ್ಲಸ್‌ಗೆ ಕಾರು ತಿರುಗಿಸಿದೆ. ಮಗಳು ಅಡುಗೆಮನೆಯಲ್ಲಿ ಚಹಾ ಕುದಿಸುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಗ್ಯಾರೇಜು, ಡಾಕ್ಟರ ಮುಂದೆ ತಲೆಯಾಡಿಸಿದ್ದು, ಕಾರಿಡಾರು. ಅವಳು ಒಲೆ ಸಣ್ಣ ಮಾಡಿದಳು.

"ಅಬ್ಬಾಗ ಗೊತ್ತಿತ್ತು ಅಣ್ಣಾ."

"ಯಾವಾಗ? ಆಸ್ಪತ್ರೇಲಿ ಹೇಳಿದ್ರಾ?"

"ಅಲ್ಲ, ಅವತ್ತ ಗ್ಯಾರೇಜಿನಾಗ. ಟಾರ್ಚಿನ ಬೆಳಕು ಗ್ವಾಡಿ ಮ್ಯಾಲೆ ಬಿದ್ದಿತ್ತಂತ. ಹುಡುಗ ನಾಚ್ಕೊಂಡಾನ, ಮತ್ತ ನೋಡು ಅಂತ ಹೆಂಗ ಅನ್ಲಿ ಅಂತ ಸುಮ್ನಾದ್ರಂತ."

"ಮತ್ತೆ ಡಾಕ್ಟರ್ ಹತ್ರ ಯಾಕೆ ಹಂಗಂದ್ರು?"

"ನಾನೂ ಅದನ್ನ ಕೇಳಿ ಜಗಳಾ ಮಾಡೀನಿ. ಅವ ಬಾಜೂಕ ಕುಂತಿದ್ದ, ಪರದೇಶದಾಗ ಮಂದಿ ಮುಂದ ಅವನ್ನ ಸುಳ್ಳಗಾರ ಮಾಡ್ಲಿ ಏನ, ಅಂದ್ರು. ಕೆನ್ನಿ ತಾನ ಸರಿಹೋಗ್ತದ ಅಂದ್ಕೊಂಡಿದ್ರು."

ಚಹಾ ಕುಡಿದೆನೋ ಬಿಟ್ಟೆನೋ ಗೊತ್ತಿಲ್ಲ. ಕಾರಿನಲ್ಲಿ ಕುಳಿತ ಮೇಲೆ ಅಳು ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ಸಿಟ್ಟು. ಮರ್ಯಾದೆಯೆಂದು ನಾನು ನೋಡಲಿಲ್ಲ, ಮರ್ಯಾದೆಯೆಂದು ಅವರು ಹೇಳಲಿಲ್ಲ. ನಮ್ಮಿಬ್ಬರ ಮರ್ಯಾದೆಯಲ್ಲಿ ಅವರ ಜೀವ ಹೋಗುವುದಿತ್ತು. ಒಂದು ಸಲ "ಲೇ, ಕಣ್ಣು ಬಿಟ್ಟು ನೋಡಲೇ" ಎಂದು ಗದರಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಬೆಟ್ಟ ಉಳಿಯುತ್ತಿತ್ತು, ನಗು ಉಳಿಯುತ್ತಿತ್ತು, ಗೋಡೆಯಾಚೆ ಅವರು ಇನ್ನಷ್ಟು ವರ್ಷ ಇರುತ್ತಿದ್ದರೋ ಏನೋ... ಲೂಕನ್ ತಲುಪುವವರೆಗೆ ಎರಡೂವರೆ ಗಂಟೆ ಚಾಚಾರನ್ನು ಬಾಯಿಬಿಟ್ಟು ಬೈಯುತ್ತಲೇ ಕಾರು ಓಡಿಸಿದೆ, ಎದುರಿಗಿದ್ದಾಗ ಒಮ್ಮೆಯೂ ದನಿಯೇರಿಸದ ನಾನು.